ದಿಮ್ಮಿಯ ತೂಕ

ಮಾರ್ಚ್ ೬

ನನ್ನ ಗುಬ್ಬಿಗೆ,

ನೀನು ಕ್ಷೇಮವಾ ಅಂತ ಆಮೇಲೆ ಕೇಳುತ್ತೇನೆ, ಮೊದಲು ನನ್ನ ಪಕ್ಕೆನೋವಿನ ವಿಚಾರ ಕೇಳು. ನಿನ್ನೆ ಮೊದಲನೇ ಆಟಕ್ಕೇ ಹೋಗಿ ನೀನು ಬರೆದ ಸಿನಿಮಾ ನೋಡಿಬಂದೆ. ನಕ್ಕೂ ನಕ್ಕೂ ಎಡಪಕ್ಕೆ ಹಿಡಿದುಕೊಂಡಿದೆ. ನಿಮ್ಮತ್ತೆ ಮುಲಾಮು ಹಚ್ಚುತ್ತಾ, "ಸೊಸೆ ಸಿನಿಮಾ ಬರೆದರೆ ಪೆಟ್ಟು ನಿಮಗ್ಯಾಕೆ ಬೀಳಬೇಕು?" ಅಂದಳು.

ಏಳು ಜನ! ಒಬ್ಬರಿಗೂ ಒಂದು ಕೆಲಸ ನೆಟ್ಟಗೆ ಬರಲ್ಲ, ಎಲ್ಲ ಸೇರಿ ಕಬ್ಬಿಣದ ಪೆಟ್ಟಿಗೆ ಕದಿಯೋಕೆ ಹೊರಡುತ್ತಾರೆ. ಆ ರಿಟೈರಾದ ಹೆಡ್‌ಮಿಸ್ಟ್ರೆಸ್ಸು ರೌಡಿಗಳನ್ನು ಸಾಲಾಗಿ ನಿಲ್ಲಿಸಿ, ಹಾಜರಿ ಕೂಗಿ, ಆಮೇಲೆ ಒಬ್ಬೊಬ್ಬರಿಗೇ ಬಾರಿಸುತ್ತಾಳಲ್ಲ, ಅಲ್ಲಿಗೇ ನಾನು ಅರ್ಧ ಕುರ್ಚಿಯಿಂದ ಕೆಳಗಿದ್ದೆ. ಲಾಂಡ್ರಿಯ ಹೊಡೆದಾಟದಲ್ಲಿ ಅಣ್ಣತಮ್ಮಂದಿರಿಬ್ಬರೂ ಒದ್ದೆ ಬೆಡ್‌ಶೀಟು ಬೀಸಿ ಬೀಸಿ ಹೊಡೆದದ್ದೆಲ್ಲ ಒಬ್ಬರಿಗೊಬ್ಬರೇ. ಎಂಥ ಬೀಗವನ್ನಾದರೂ ತೆಗೆಯುತ್ತೇನೆ ಅಂತ ಬಂದ ಮಹಾಶಯನಿಗೆ ತನ್ನ ಕನ್ನಡಕದ ಡಬ್ಬಿ ತೆಗೆಯೋಕಾಗಲ್ಲ! ಆದರೆ ಎಲ್ಲರಿಗಿಂತ ಮಜಾ ಆ ಆರನೆಯವನು, ಮೀಸೆಯವನು. ಬಾಯಿ ಬಿಟ್ಟರೆ ಬುರುಡೆ, ಸದ್ದು ಕೇಳಿದರೆ ಓಟ. ಇಂಥವರು ನಿಜವಾಗಿಯೂ ಇರ್ತಾರೆ ಕಣೇ. ನಮ್ಮ ಬೀದಿಯ ಬ್ಯಾಂಕಿನ ಪ್ಯೂನು ಥೇಟ್ ಹಾಗೇ. ಅವನನ್ನು ನೋಡಿಯೇ ಬರೆದೆಯಾ? ನಿಜ ಹೇಳು, ಯಾರಿಗೂ ಹೇಳಲ್ಲ.

ಒಂದು ಸಣ್ಣ ತಪ್ಪಾಯಿತು. ಇಂಟರ್ವಲ್‌ನಲ್ಲಿ ಟೀ ಕೌಂಟರಿನವನಿಗೆ, ಇದನ್ನು ಬರೆದವಳು ನನ್ನ ಸ್ವಂತ ತಂಗಿಯ ಮಗಳು, ಅವಳಿಗೆ ಅಕ್ಷರ ತಿದ್ದಿಸಿದವನು ನಾನು ಅಂತ ತಿಳಿಸಿದೆ. ಅವನು, "ಹೌದಾ ಸಾರ್, ನೀವೇನು ಮಾಡ್ಕೊಂಡಿದ್ದೀರಿ?" ಅಂದ. ಅಷ್ಟು ಕೇಳಿದ ಮೇಲೆ ಬಿಡೋಕಾಗುತ್ತಾ? ನಮ್ಮ ವ್ಯಾನಿನ ಕಥೆ ಹೇಳುತ್ತಾ ನಿಂತೆ. ಒಳಗೆ ಬರುವಷ್ಟರಲ್ಲಿ ಅರ್ಧ ಗಂಟೆ ಸಿನಿಮಾ ಮುಗಿದುಹೋಗಿತ್ತು.

ಆ ಕಥೆ ನಿನಗೆ ಬಾಯಿಪಾಠ. ಆದರೂ ಬರೆಯುತ್ತೇನೆ, ಒಳ್ಳೆಯದನ್ನು ಎಷ್ಟು ಸಲ ಬರೆದರೂ ಕೈ ನೋಯಲ್ಲ. ಮೂವತ್ತೊಂದು ವರ್ಷದ ಹಿಂದೆ ನಾನು ವ್ಯಾನಿನ ಕ್ಲೀನರ್. ಏರಿನಲ್ಲಿ ಬಂಡಿ ನಿಂತಾಗ ಮೊದಲು ಹಾರಿ, ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಅಡ್ಡ ಇಡುವುದು ಕ್ಲೀನರನ ಕೆಲಸ. ದಿಮ್ಮಿಯ ಜಾಗ ಮುಂದಿನ ಸೀಟಿನ ಕೆಳಗೆ. ಅವತ್ತು ಇಪ್ಪತ್ತೆರಡು ಜನ ಒಳಗೆ, ಬ್ರೇಕು ಹೋಯಿತು, ವ್ಯಾನು ಹಿಂದಕ್ಕೆ ಉರುಳಿತು. ಡ್ರೈವರ್ ಕಿರುಚಿದ. ನಾನು ದಿಮ್ಮಿ ಎತ್ತಿಕೊಂಡು ಹಾರಿದೆ, ಉರುಳುವ ಚಕ್ರದ ಬಾಯಿಗೆ ಕೊಟ್ಟೆ. ವ್ಯಾನಿನ ಓಟ ಸತ್ತು, ಐಸ್ ಫ್ಯಾಕ್ಟರಿಯ ಗೋಡೆಗೆ ಮೆಲ್ಲಗೆ ತಾಗಿ ನಿಂತಿತು. ಒಂದು ಹೆಣ ಬೀಳಲಿಲ್ಲ. ನಿಮ್ಮಮ್ಮನೊಬ್ಬಳಿಗೆ ಮಂಡಿ ಹೋಯಿತು. ಅದೂ, ಕಂಬಿ ಹಿಡ್ಕೊಂಡು ಕೂತಿರು ಅಂತ ನಾನು ಹೇಳಿದ್ದರೂ ಗಾಬರಿಬಿದ್ದು ಎದ್ದು ನಿಂತದ್ದಕ್ಕೆ. ಪಾಪ, ಅವಳಿಗಿನ್ನೂ ಇಪ್ಪತ್ತು. ಅವತ್ತಿನಿಂದ ಊರಿಗೆಲ್ಲ ನಾನು ಬ್ರೇಕಣ್ಣ.

ಮುಂದಿನ ಸಿನಿಮಾಕ್ಕೆ ಇದನ್ನೇ ಹಾಕು ಗುಬ್ಬಿ. ಬಿಟ್ಟಿ ಕೊಟ್ಟಿದ್ದೇನೆ. ನನ್ನ ಪಾತ್ರಕ್ಕೆ ಸ್ವಲ್ಪ ಎತ್ತರದವನನ್ನು ನೋಡಿ.

ಪಕ್ಕೆ ಹಿಡಿದುಕೊಂಡೇ,
ನಿನ್ನ ಬ್ರೇಕು ಮಾವ


ಮಾರ್ಚ್ ೧೪

ಮಾವನಿಗೆ,

ಪಕ್ಕೆನೋವು ಕಡಿಮೆಯಾಗಿದೆ ಅಂದುಕೊಂಡಿದ್ದೇನೆ. ಹಾಜರಿಯ ಸೀನು ನಿಮಗೆ ಹಿಡಿಸುತ್ತದೆ ಅಂತ ಗೊತ್ತಿತ್ತು. ಬರೆಯುವಾಗ ನಿಮ್ಮ ನಗು ಕಿವಿಯಲ್ಲಿತ್ತು.

ಮಾವ, ಆ ಅರ್ಧ ಗಂಟೆ ನೀವು ನೋಡಲಿಲ್ಲ ಅಂದಿರಿ. ಅದನ್ನು ಓದಿ ಪತ್ರ ಮಡಿಚಿಟ್ಟೆ, ಮತ್ತೆ ತೆಗೆದೆ. ಮತ್ತೆ ಹೋಗಬೇಡಿ ಅಂತ ನಾನು ಹೇಳುವ ಹಾಗಿಲ್ಲ. ಹೋದರೆ ಒಬ್ಬರೇ ಹೋಗಿ. ಕ್ಷೌರದಂಗಡಿಯ ಬೆಂಚಿನ ಮೇಲೆ ಹರಟುವ ನಿಮ್ಮ ಗೆಳೆಯರನ್ನೆಲ್ಲ ಕಟ್ಟಿಕೊಂಡು ಹೋಗಬೇಡಿ. ಇದೊಂದು ಮಾತು ಕೇಳಿ.

ಅಮ್ಮ ಇನ್ನೂ ನೋಡಿಲ್ಲ. ಥಿಯೇಟರಿನಲ್ಲಿ ಮೆಟ್ಟಿಲು ಜಾಸ್ತಿ ಅಂತ ನೆಪ ಹೇಳುತ್ತಿದ್ದಾಳೆ.

ಗುಬ್ಬಿ


ಮಾರ್ಚ್ ೨೩

ಸಿನಿಮಾ ಬರೆಯುವ ದೊಡ್ಡ ಮನುಷ್ಯಳಿಗೆ,

ಒಬ್ಬನೇ ಹೋಗು ಅಂದೆ. ಇಂಥ ಮಾತು ಕೇಳುವ ಪೈಕಿಯಾ ನಾನು? ಒಂಬತ್ತು ಜನರನ್ನು ಕರೆದುಕೊಂಡು ಹೋದೆ. ಕ್ಷೌರದವನು ಅಂಗಡಿಗೆ ಬೀಗ ಹಾಕಿಕೊಂಡು ಬಂದ. ಬ್ಯಾಂಕಿನ ಪ್ಯೂನನನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡಿದ್ದೆ. ಮೀಸೆಯವನು ಬಂದಾಗಲೆಲ್ಲ ಅವನ ತೊಡೆಗೆ ತಿವಿದು, "ನೀನೇ ಕಣೋ, ನೀನೇ" ಅನ್ನುತ್ತಿದ್ದೆ.

ಇಂಟರ್ವಲ್ ಆಯಿತು. ಈ ಸಲ ಟೀ ಕುಡಿಯೋಕೂ ಏಳಲಿಲ್ಲ.

ಪೆಟ್ಟಿಗೆ ಹೊತ್ತ ವ್ಯಾನು ಏರಿನಲ್ಲಿ ನಿಲ್ಲುತ್ತದೆ. ಏಳೂ ಜನ ಒಳಗೆ. ಹಿಂದಕ್ಕೆ ಉರುಳುತ್ತದೆ. ಮೀಸೆಯವನು, "ನಾನಿದ್ದೀನಿ!" ಅಂತ ಕೂಗಿ ಹೊರಕ್ಕೆ ಹಾರುತ್ತಾನೆ. ಆಮೇಲೆ ನಿಮ್ಮ ಕ್ಯಾಮೆರಾ, ಅದಕ್ಕೇನು ಅವಸರ ಇಲ್ಲ, ಮೆಲ್ಲಗೆ ತಿರುಗಿ ಸೀಟಿನ ಕೆಳಗೆ ನೋಡುತ್ತದೆ. ದಿಮ್ಮಿ ಅಲ್ಲೇ ಕೂತಿದೆ. ಊರಿಗೆ ಹೊರಟ ಅಜ್ಜಿಯ ಗಂಟಿನ ಹಾಗೆ ಕೂತಿದೆ.

ಥಿಯೇಟರು ಕಿತ್ತುಹೋಗುವಂಥ ನಗು. ಮೊದಲು ನಕ್ಕವನು ನಾನೇ ಗುಬ್ಬಿ. ಬಾಯಿ ತೆರೆದದ್ದು ಹಾಗೇ ಉಳಿಯಿತು, ಸದ್ದು ಮಾತ್ರ ನಿಂತಿತು.

ವ್ಯಾನು ಗೋಡೆಗೆ ಬಡಿದು ನಿಂತ ಮೇಲೆ ಅವನು ಓಡಿಬರುತ್ತಾನೆ. ಆಚೀಚೆ ನೋಡುತ್ತಾನೆ. ಒಳಗೆ ಕೈಹಾಕಿ ದಿಮ್ಮಿ ಎಳೆದು, ನಿಂತ ಚಕ್ರಕ್ಕೆ ಅಡ್ಡ ಇಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಜನ ಬರುವುದನ್ನು ಕಾಯುತ್ತಾನೆ. ಸೊಂಟದ ಮೇಲಿನ ಆ ಕೈ ಕೂಡ ಹಾಗೇ ಇದೆಯಲ್ಲೇ!

ಹೊರಗೆ ಬಂದಾಗ ನನ್ನವರು ಯಾರೂ ನಗುತ್ತಿರಲಿಲ್ಲ. ಕ್ಷೌರದವನ ಮುಖ ಕೆಂಪಾಗಿತ್ತು. "ನಮ್ಮ ಬ್ರೇಕಣ್ಣ ಮಾಡಿದ್ದನ್ನ ತಲೆಕೆಳಗೆ ಮಾಡಿ ತೋರಿಸ್ಬಿಟ್ಟಳಲ್ಲೋ! ಎತ್ತಾಡಿಸಿದ ಮಾವ ಅನ್ನೋದೂ ಬೇಡ್ವಾ?" ಅಂದ. ಪ್ಯೂನು ನನ್ನ ಹೆಗಲ ಮೇಲೆ ಕೈಹಾಕಿ, "ಬಿಡಿ ಅಣ್ಣ, ನಗಿಸೋಕೆ ಏನೇನೋ ಬರೀತಾರೆ. ಸತ್ಯ ಏನು ಅಂತ ನಮಗೆ ಗೊತ್ತಿಲ್ವಾ?" ಅಂತ ಸಮಾಧಾನ ಹೇಳಿದ. ಅವನ ತೊಡೆ ಇನ್ನೂ ನೋಯುತ್ತಿದ್ದಿರಬೇಕು. ಮರುದಿನ ನನಗೆ ಬಿಟ್ಟಿ ಶೇವಿಂಗ್ ಆಯಿತು. ಕಣ್ಣು ಮುಚ್ಚಿಕೊಂಡು ಕೂತಿದ್ದೆ.

ಒಂದೇ ಪ್ರಶ್ನೆ. ನಿನಗೆ ಯಾರು ಹೇಳಿದರು? ಇದೆಲ್ಲ ನಡೆದದ್ದು ಅಂತ ನಾನು ಒಪ್ಪಿಕೊಳ್ಳುತ್ತಿಲ್ಲ, ಅದು ಬೇರೆ ಮಾತು. ಡ್ರೈವರನ ತಲೆ ಸ್ಟೀರಿಂಗಿಗೆ ಬಡಿದು ಎಚ್ಚರ ತಪ್ಪಿತ್ತು, ಈಗ ಅವನೂ ಇಲ್ಲ. ಉಳಿದವರು ಪಕ್ಕದ ಬಾಗಿಲಿಂದ ಬಿದ್ದೆದ್ದು ಓಡಿದ್ದರು. ಒಳಗಿದ್ದವಳು ನಿಮ್ಮಮ್ಮ ಒಬ್ಬಳು. ಅವಳಿಗೆ ಪ್ರಜ್ಞೆ ಇರಲಿಲ್ಲ. ಕಣ್ಣು ಮುಚ್ಚಿತ್ತು. ನಾನು ಬಗ್ಗಿ ನೋಡಿದ್ದೇನೆ.

ಅವಳಿಗೆ ಈ ಸಿನಿಮಾ ತೋರಿಸಬೇಡ. ಊರು ಏನಾದರೂ ಅಂದುಕೊಳ್ಳಲಿ. ನಾನು ಬಾಗಿಲಿಗೆ ಬಂದರೆ ಹೊಲಿಗೆ ಮಿಷಿನ್ ನಿಲ್ಲಿಸಿ ಏಳುವವಳು ಅವಳೊಬ್ಬಳೇ. ಅದೂ ಹೋದರೆ ನನಗೆ ಇನ್ನೇನಿದೆ?

ಮಾವ


ಏಪ್ರಿಲ್ ೪

ಗುಬ್ಬಿ,

ಹನ್ನೆರಡು ದಿನ ಆಯಿತು. ಪೋಸ್ಟ್‌ಮ್ಯಾನು ನನ್ನನ್ನು ಕಂಡರೆ ಸೈಕಲ್ ಆಚೆ ತಿರುಗಿಸುತ್ತಾನೆ.

ಭಾನುವಾರ ನಿಮ್ಮಮ್ಮನ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟಳು, ಎಂದಿನ ಹಾಗೆ ನನಗೇ ಮೊದಲು. ಪಕ್ಕದ ಮನೆಗೆ ಹೊಸಬರು ಬಂದಿದ್ದಾರೆ, ಗಂಡ ಹೆಂಡತಿ. ಅವರನ್ನು ಕರೆದು ಕೂರಿಸಿ, "ಅಣ್ಣಾ, ಇವರಿಗೆ ವ್ಯಾನಿನ ಕಥೆ ಹೇಳು" ಅಂದಳು. ತಾನಾಗಿಯೇ ಅಂದಳು. ಗಂಟಲು ಕೆಟ್ಟಿದೆ ಅಂದೆ. ಎದ್ದು, ಕಾಲು ಎಳೆದುಕೊಂಡು ಹೋಗಿ, ಬಿಸಿನೀರು ತಂದುಕೊಟ್ಟಳು.

ಅವಳಿಗೇನೂ ಗೊತ್ತಿಲ್ಲ ಅಂತ ಒಂದು ಸಾಲು ಬರೆದು ಹಾಕು. ಸಾಕು.

ಮಾವ


ಏಪ್ರಿಲ್ ೧೯

ಮಾವನಿಗೆ,

ಆ ಸಾಲು ನನ್ನಿಂದ ಬರೆಯಲಾಗಲಿಲ್ಲ. ತಡವಾದದ್ದು ಅದಕ್ಕೇ.

ಅಮ್ಮನ ಕಣ್ಣು ತೆರೆದಿತ್ತು. ನೀವು ಬಗ್ಗಿದಾಗ ಮುಚ್ಚಿಕೊಂಡಳು.

ನನಗೆ ಒಂಬತ್ತು ವರ್ಷವಿದ್ದಾಗ ಜ್ವರ ಬಂದು ಶಾಲೆಗೆ ಹೋಗದೆ ಮಲಗಿದ್ದೆ. ನಗಿಸೋಕೆ ಅಂತ ಅಮ್ಮ ಹೊಲಿಗೆ ಮಿಷಿನಿನ ಮೇಲೆ ಆಟ ಕಟ್ಟಿದಳು. ದಾರದ ರೀಲು ವ್ಯಾನು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡು ದಿಮ್ಮಿ. ಒಂದು ಗುಂಡಿ ನೀವು. ಗುಂಡಿ ಟಣ್ಣಂತ ನೆಲಕ್ಕೆ ಹಾರುತ್ತಿತ್ತು, ಸೀಮೆಸುಣ್ಣ ಅಲ್ಲೇ ಉಳಿಯುತ್ತಿತ್ತು. ನಾನು ಹಾಸಿಗೆಯಲ್ಲಿ ಉರುಳಾಡಿ ನಕ್ಕಿದ್ದೆ. ಆಮೇಲೆ ನೀವು ಭಾನುವಾರ ಬಂದು ಯಾರಿಗಾದರೂ ಕಥೆ ಹೇಳಿ ಹೋದಾಗಲೆಲ್ಲ, ನಿಮ್ಮ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುವವರೆಗೆ ನಾವಿಬ್ಬರೂ ಕಾಯುತ್ತಿದ್ದೆವು. ಬಾಗಿಲು ಹಾಕಿಕೊಂಡು ನಗುತ್ತಿದ್ದೆವು. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೆ ನಡೆದದ್ದು ಇದು. ನಗುವಾಗ ಅಮ್ಮನ ಕೈ ಮಂಡಿಯ ಮೇಲಿರುತ್ತಿತ್ತು. ಅದನ್ನು ಗಮನಿಸುವಷ್ಟು ದೊಡ್ಡವಳು ನಾನಾದದ್ದು ಎಷ್ಟೋ ವರ್ಷದ ಮೇಲೆ.

ನೀವು ಹಾರಿದ್ದಕ್ಕೆ ನನಗೆ ಸಿಟ್ಟಿಲ್ಲ ಮಾವ. ನಾನಾದರೂ ಹಾರುತ್ತಿದ್ದೆ. ನನ್ನ ಶಾಲೆಗೆ ಅತಿಥಿಯಾಗಿ ಬಂದು, ಇಡೀ ತರಗತಿಯ ಮುಂದೆ, ಅಮ್ಮ ಹಿಂದಿನ ಬೆಂಚಿನಲ್ಲಿ ಕೂತಿರುವಾಗಲೇ, "ಕಂಬಿ ಹಿಡೀಲಿಲ್ಲ, ಗಾಬರಿಬಿದ್ದು ಎದ್ದುಬಿಟ್ಟಳು" ಅಂದಿರಲ್ಲ, ಸಿಟ್ಟು ಅದಕ್ಕೆ. ಹುಡುಗಿಯರೆಲ್ಲ ತಿರುಗಿ ಅವಳ ಕಾಲು ನೋಡಿದರು. ಅವಳು ಸೀರೆ ಸರಿಮಾಡಿಕೊಂಡು ಮುಗುಳ್ನಕ್ಕಳು.

ಅವಳು ಎದ್ದು ನಿಂತಿರಲಿಲ್ಲ. ನೀವು ಬರಿಗೈಯಲ್ಲಿ ಹಾರಿದ್ದು ನೋಡಿ, "ಅಣ್ಣಾ, ದಿಮ್ಮಿ!" ಅಂತ ಕೂಗಿ, ನಿಮಗೆ ಎತ್ತಿಕೊಡಲು ಬಗ್ಗಿದ್ದಳು. ಮರೆತುಹೋಗಿದ್ದೀರಿ ಅಂದುಕೊಂಡಿದ್ದಳು. ವ್ಯಾನು ಗೋಡೆಗೆ ಬಡಿದಾಗ ದಿಮ್ಮಿ ಅವಳ ಎರಡೂ ಕೈಯಲ್ಲಿತ್ತು, ಜಾರಿ ಮಂಡಿಯ ಮೇಲೆ ಬಿತ್ತು. ನೀವು ಅದನ್ನು ಎಲ್ಲಿಂದ ಎತ್ತಿದಿರಿ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಸಿನಿಮಾದಲ್ಲಿ ತಂಗಿ ಇಲ್ಲ. ಅವಳನ್ನು ಹಾಕಿದ್ದರೆ ಯಾರೂ ನಗುತ್ತಿರಲಿಲ್ಲ.

ಅಮ್ಮನಿಗೆ ನಾನು ತೋರಿಸುವುದಿಲ್ಲ. ನೋಡಬೇಕು ಅನಿಸಿದರೆ ಅವಳೇ ನಿಮ್ಮನ್ನು ಕೇಳುತ್ತಾಳೆ.

ಗುಬ್ಬಿ


ಜೂನ್ ೧೫

ಗುಬ್ಬಿಗೆ,

ಏಳನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ನನ್ನ ಅಕ್ಷರ ನೋಡಿ, "ಇವನು ಬರೆದರೆ ಸುಳ್ಳೂ ಸತ್ಯದ ಹಾಗೆ ಕಾಣುತ್ತೆ" ಅಂದಿದ್ದರು. ಅದನ್ನು ಇಷ್ಟು ವರ್ಷ ಹೊಗಳಿಕೆ ಅಂತ ಹೇಳಿಕೊಂಡು ತಿರುಗಿದೆ. ಎರಡು ತಿಂಗಳಲ್ಲಿ ನಿನಗೆ ನಾಲ್ಕು ಪತ್ರ ಬರೆದು ಹರಿದಿದ್ದೇನೆ. ಅಕ್ಷರ ಮಾತ್ರ ನಾಲ್ಕರಲ್ಲೂ ಚೆನ್ನಾಗಿತ್ತು.

ಹೋದ ವಾರ ನಿಮ್ಮಮ್ಮ, "ಅಣ್ಣಾ, ಮಗಳ ಸಿನಿಮಾ ಥಿಯೇಟರಿಂದ ತೆಗೆದುಬಿಡ್ತಾರಂತೆ. ಕರ್ಕೊಂಡು ಹೋಗು" ಅಂದಳು. ನಾನು ಮೆಟ್ಟಿಲು ಅಂದೆ. "ಹತ್ತಿದರಾಯ್ತು" ಅಂದಳು.

ಬೆಳಗಿನ ಆಟ. ಒಳಗೆ ಮೂವತ್ತು ಜನ ಇದ್ದಿರಬಹುದು. ಹಾಜರಿಯ ಸೀನಿಗೆ ನಿಮ್ಮಮ್ಮ ನಕ್ಕದ್ದು ನೀನು ನೋಡಬೇಕಿತ್ತು. ಸೆರಗು ಬಾಯಿಗೆ ಒತ್ತಿಕೊಂಡು, ಮುಂದಿನ ಕುರ್ಚಿ ಹಿಡಿದುಕೊಂಡು ನಗುತ್ತಾಳೆ. ಲಾಂಡ್ರಿಯ ಹೊಡೆದಾಟಕ್ಕೆ ನನ್ನ ತೋಳಿಗೇ ಎರಡು ಗುದ್ದಿದಳು. ನಾನೂ ನಕ್ಕೆ, ಒಂದು ನಿಮಿಷ ಎಲ್ಲ ಮರೆತು ನಕ್ಕೆ. ನೀನು ಬರೆದದ್ದು ಚೆನ್ನಾಗಿದೆ ಕಣೇ. ಹೊಟ್ಟೆಕಿಚ್ಚಿಗಾದರೂ ಚೆನ್ನಾಗಿಲ್ಲ ಅನ್ನೋಕಾಗಲ್ಲ.

ವ್ಯಾನು ಏರಿನಲ್ಲಿ ನಿಂತಿತು. ನಾನು ಪರದೆ ನೋಡಲಿಲ್ಲ, ಅವಳ ಮುಖ ನೋಡಿದೆ. ಮೂವತ್ತು ಜನ ನಕ್ಕರು. ಅವಳು ನಗಲಿಲ್ಲ. ಮೀಸೆಯವನು ದಿಮ್ಮಿಯನ್ನು ಒಂದೇ ಕೈಯಲ್ಲಿ ಎಳೆದು ಚಕ್ರಕ್ಕೆ ಇಟ್ಟಾಗ ನನ್ನ ಕಿವಿಯ ಹತ್ತಿರ ಬಾಗಿದಳು.

"ಅಷ್ಟು ಹಗುರ ಇರಲಿಲ್ಲ ಅದು, ಅಲ್ವಾ ಅಣ್ಣಾ?"

ಅಷ್ಟೇ. ಮತ್ತೆ ಪರದೆಯ ಕಡೆ ತಿರುಗಿ, ಮುಂದಿನ ಜೋಕಿಗೆ ನಕ್ಕಳು. ಹಗುರ ಇರಲಿಲ್ಲ ಗುಬ್ಬಿ. ಅವಳ ಮಂಡಿಯ ಮೇಲಿಂದ ತೆಗೆಯೋಕೆ ನನಗೆ ಎರಡೂ ಕೈ ಬೇಕಾಗಿದ್ದವು.

ಇಳಿಯುವಾಗ ಕೈ ಚಾಚಿದೆ. ನನ್ನ ಕೈ ನೋಡಿದಳು, ಗೋಡೆಯ ಕಡೆ ಸರಿದಳು. "ಕಂಬಿ ಹಿಡ್ಕೊಂಡಿದ್ದೀನಿ. ನೀನು ಮುಂದೆ ನಡಿ" ಅಂದಳು. ಸಿಟ್ಟಿನಲ್ಲಿ ಅಂದಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು. ಎಂದಿನ ದನಿಯಲ್ಲೇ ಅಂದಳು. ನಾನು ಮುಂದೆ ನಡೆದೆ. ಹಿಂದೆ ಒಂದು ಕಾಲಿನ ಸದ್ದು ಜೋರು, ಒಂದು ಕಾಲಿನದು ಮೆಲ್ಲಗೆ, ಕೊನೇ ಮೆಟ್ಟಿಲಿನವರೆಗೂ. ಈ ಭಾನುವಾರ ಹೋದಾಗ ಕಾಫಿ ಮಾಡಿಟ್ಟಿದ್ದಳು. ಮಿಷಿನ್ ನಿಲ್ಲಿಸಲಿಲ್ಲ. "ಅರ್ಜೆಂಟ್ ಬ್ಲೌಸು, ನೀನೇ ಬಗ್ಗಿಸಿಕೋ" ಅಂದಳು.

ನಿನ್ನೆ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಹೇಳಿಬಿಟ್ಟೆ. "ಸಿನಿಮಾದಲ್ಲಿ ತೋರಿಸಿದ್ದೇ ಸರಿ ಕಣ್ರಪ್ಪಾ. ನಾನು ಬರಿಗೈಯಲ್ಲಿ ಹಾರಿದ್ದೆ."

ಅಂಗಡಿಗೆ ಅಂಗಡಿಯೇ ನಕ್ಕಿತು. ಕ್ಷೌರದವನು ಬಾಚಣಿಗೆಯಲ್ಲಿ ನನ್ನ ತಲೆಗೆ ಕುಟ್ಟಿ, "ಸಿನಿಮಾ ನೂರು ದಿನ ಮುಟ್ಟಿದ್ದೇ ತಡ, ಆ ಮೀಸೆಯವನೂ ನಾನೇ ಅಂತ ಶುರು ಮಾಡಿದೆಯಾ? ಮೊನ್ನೆ ತನಕ ಅವಮಾನ ಅಂತಿದ್ದೆ!" ಅಂದ. ಪ್ಯೂನು, "ನಾಳೆ ಆ ಹೆಡ್‌ಮಿಸ್ಟ್ರೆಸ್ಸೂ ನಾನೇ ಅಂತಾನೆ ನೋಡ್ತಿರಿ" ಅಂದ. ನಾನು ಆಣೆ ಇಟ್ಟೆ. ಇನ್ನೂ ನಕ್ಕರು. ನನ್ನ ಬಾಯಿಂದ ಬಂದದ್ದೆಲ್ಲ ಬುರುಡೆ ಅಂತ ಅವರಿಗೆ ಎಷ್ಟು ದಿನದಿಂದ ಗೊತ್ತಿತ್ತೋ! ನಂಬಿದ್ದು ಆ ವ್ಯಾನಿನ ಕಥೆಯೊಂದನ್ನೇ, ನಂಬಬಾರದಿದ್ದದ್ದನ್ನೇ.

ಕುರ್ಚಿಯಲ್ಲಿ ಒಬ್ಬ ಅಪರಿಚಿತ ಕೂತಿದ್ದ, ಅರ್ಧ ಕ್ರಾಪು ಆಗಿತ್ತು. ಏನು ವಿಷಯ ಅಂತ ಕೇಳಿದ. "ಬ್ರೇಕಣ್ಣ, ಇವರಿಗೆ ಹಳೇದನ್ನೇ ಹೇಳು. ಅದೇ ಚೆನ್ನಾಗಿದೆ" ಅಂದ ಕ್ಷೌರದವನು.

ಹೇಳಿದೆ ಗುಬ್ಬಿ. ನಿನ್ನ ಹತ್ತಿರ ಮುಚ್ಚಿಡುವುದೇನು, ಹಳೇದನ್ನೇ ಹೇಳಿದೆ. ಏರು, ಬ್ರೇಕು, ಇಪ್ಪತ್ತೆರಡು ಜನ, ದಿಮ್ಮಿ ಹಿಡಿದು ಹಾರಿದ್ದು, ಎಲ್ಲ. ನಾಲಿಗೆ ಅದರ ಪಾಡಿಗೆ ಅದು ಓಡಿತು. ತಂಗಿಯ ಹತ್ತಿರ ಬಂದಾಗ ನಿಂತುಬಿಟ್ಟಿತು. ನಾನು ಮರೆತೆ ಅಂದುಕೊಂಡು ಕ್ಷೌರದವನೇ ಎತ್ತಿಕೊಟ್ಟ. "ಇವನ ತಂಗಿ ಕಂಬಿ ಹಿಡೀಲಿಲ್ಲ ಸಾರ್, ಗಾಬರಿಬಿದ್ದು ಎದ್ದುಬಿಟ್ಟಳು."

"ಇಲ್ಲ" ಅಂದೆ. "ಎದ್ದದ್ದಲ್ಲ. ನನಗೆ ದಿಮ್ಮಿ ಎತ್ತಿಕೊಡೋಕೆ ಬಗ್ಗಿದ್ದಳು."

ಅಪರಿಚಿತ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಅಲ್ಲ ಸ್ವಾಮಿ, ದಿಮ್ಮಿ ಹಿಡ್ಕೊಂಡೇ ತಾನೇ ನೀವು ಹಾರಿದ್ದು? ಒಳಗೆ ಇನ್ನೊಂದಿತ್ತಾ?"

"ಒಂದೇ ಇದ್ದದ್ದು" ಅಂದೆ.

ಕತ್ತರಿಯ ಸದ್ದು ನಿಂತಿತು. ಯಾರೂ ನಗಲಿಲ್ಲ.

ಮಾವ